ನೂರಕ್ಕೆ ಎಂಬತ್ತು

12 ನವೆಂಬರ್ 2024, ಮಂಗಳವಾರ. ಬೆಳಿಗ್ಗೆ

ಮುಖದ ಮೇಲೆ ಮಾಸ್ಕ್. ಮೆಷಿನ್ ಗುರ್ ಎನ್ನುತ್ತಿದೆ. ಉಪ್ಪುನೀರಿನ ಹಬೆ ಮುಗಿಯುವವರೆಗೆ ಮಾತಾಡುವಂತಿಲ್ಲ, ಅದಕ್ಕೇ ಈ ಬರವಣಿಗೆ. ಅಡುಗೆಮನೆಯಲ್ಲಿ ಅತ್ತೆ ಅಕ್ಕಿರೊಟ್ಟಿ ತಟ್ಟುತ್ತಿದ್ದಾರೆ. ಇದು ಮುಗಿದ ಮೇಲೆ ಗಂಡ ತೀರ್ಥ ಬಂದು ನನ್ನ ಬೆನ್ನು ತಟ್ಟಬೇಕು, ಕಫ ಸಡಿಲವಾಗಲು. ನಮ್ಮ ಮನೆಯಲ್ಲಿ ಬೆಳಗಾದರೆ ಎಲ್ಲರೂ ಏನನ್ನಾದರೂ ತಟ್ಟುತ್ತಲೇ ಇರುತ್ತಾರೆ.

ತೋಟದಲ್ಲಿ ಅರೇಬಿಕಾ ಕಾಫಿ ಪಿಕ್ಕಿಂಗ್ ಶುರುವಾಗಿದೆ. ಬೇಗ ಆಫೀಸಿಗೆ ಹೋಗಬೇಕು. ಹಾಜರಿ, ಸಂಜೆಯ ತೂಕ, ಲಾರಿ ಚೀಟಿ — ಪೂವಯ್ಯನವರ ಎಸ್ಟೇಟಿನಲ್ಲಿ ಎಲ್ಲಾ ನನ್ನದೇ. ಹೊಸಬರು ಬಂದರೆ ಲೆಕ್ಕ ಬರೆಯುವ ರೈಟರ್ ಎಲ್ಲಿ ಎಂದು ಕೇಳುತ್ತಾರೆ. ನಾನೇ ಎಂದರೆ ಇನ್ನೊಮ್ಮೆ ಕೇಳುತ್ತಾರೆ.

ನಿನ್ನೆ ಮಂಗಳೂರಿನ ಕ್ಲಿನಿಕ್ಕಿನಿಂದ ಫೋನ್. ಸಿಸ್ಟಿಕ್ ಫೈಬ್ರೋಸಿಸ್ ಇರುವವರ ಬದುಕಿನ ಗುಣಮಟ್ಟ ಅಳೆಯುವ ಒಂದು ಸ್ಟಡಿಯಂತೆ. ಮನೆಗೇ ಬರುತ್ತಾರಂತೆ. ಕಾಫಿಯ ಗುಣಮಟ್ಟ ಅಳೆಯಲು ಜನ ಬರುವುದು ಗೊತ್ತು. ನನ್ನದನ್ನು ಅಳೆಯಲು ಬರುತ್ತಿರುವುದು ಇದೇ ಮೊದಲು. ಆಯಿತು ಬನ್ನಿ ಎಂದೆ.

17 ನವೆಂಬರ್, ಭಾನುವಾರ. ಸಂಜೆ

ಬಂದಿದ್ದರು. ನಿತೇಶ್ ಅಂತ. ಪುತ್ತೂರು ಕಡೆಯವರು, ಇದರಲ್ಲೇ ಪಿಎಚ್‌ಡಿ ಮಾಡುತ್ತಿದ್ದಾರೆ. ಸಂಪಾಜೆ ಘಾಟಿಯ ತಿರುವುಗಳಲ್ಲಿ ವಾಂತಿಯಾಗಿ ಮುಖ ಬಿಳುಚಿಕೊಂಡಿತ್ತು. ನನ್ನ ಆರೋಗ್ಯ ವಿಚಾರಿಸಲು ಬಂದವರಿಗೆ ಅತ್ತೆ ಶುಂಠಿ ಕಷಾಯ ಕೊಟ್ಟು ಅರ್ಧ ಗಂಟೆ ಮಲಗಿಸಿದರು.

ಎದ್ದ ಮೇಲೆ ಅತ್ತೆಯನ್ನೇ ಮೊದಲು ಕೇಳಿದರು — ನಿಮ್ಮ ಸೊಸೆಗೆ ಏನು ಕಾಯಿಲೆ ಎಂದು ನೀವು ಬೇರೆಯವರಿಗೆ ಹೇಗೆ ಹೇಳುತ್ತೀರಿ? ಅತ್ತೆಗೆ ಇದು ಬಾಯಿಪಾಠ. ಮದುವೆಯಾದಾಗಿನಿಂದ ಎಷ್ಟು ನೆಂಟರಿಗೆ ಹೇಳಿಲ್ಲ. ಮನೆಮಾತಿನಲ್ಲೇ ಶುರು ಮಾಡಿದರು.

"ಇವಳ ಎದೆಲಿ ಕಫ ಗೋಂದಿನಂಗೆ ಅಂಟು. ಹೊಟ್ಟೆಲೂ ಹಂಗೇ, ತಿಂದದ್ದು ಮೈಗೆ ಹಿಡಿಯುದುಲೆ. ಹುಟ್ಟಿಂದಲೇ ಉಟ್ಟು. ಯಾರಿಗೂ ಹರಡುದುಲೆ."

ಬೆವರಿನಲ್ಲಿ ಉಪ್ಪು ಜಾಸ್ತಿ ಹೋಗುತ್ತದೆ ಎನ್ನುವುದನ್ನು ಬಿಟ್ಟರು. ಉಳಿದದ್ದೆಲ್ಲ ಸರಿ. ನಿತೇಶ್ ಅದನ್ನು ಹಾಗೇ ಬರೆದುಕೊಂಡರು.

ಆಮೇಲೆ ನನ್ನ ಸರದಿ. ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತದಾ? ಪರವಾಗಿಲ್ಲ. ಊಟ ಬೇಡವೆನಿಸುತ್ತದಾ? ಪರವಾಗಿಲ್ಲ. ಇಡೀ ಕೊಡಗಿನಲ್ಲಿ ಹಂದಿ ಸಾರಿನ ಕೊಬ್ಬು ಬಿಡದೆ ತಿನ್ನು ಎಂದು ಡಾಕ್ಟರೇ ಹೇಳಿರುವುದು ನನಗೊಬ್ಬಳಿಗೇ ಇರಬೇಕು ಎಂದೆ. ಊಟದ ಜೊತೆ ಜೀರ್ಣದ ಕ್ಯಾಪ್ಸೂಲ್ ನುಂಗಿದರೆ ಆಯಿತು. ನಕ್ಕರು. ಮದ್ದು ಮಾಡುವುದರಿಂದ ದಿನ ಹಾಳಾಗುತ್ತದೆ ಎನಿಸುತ್ತದಾ? ಪರವಾಗಿಲ್ಲ, ಅಭ್ಯಾಸ ಆಗಿದೆ.

ಆಮೇಲೆ ಒಂದು ಉದ್ದ ಗೆರೆ ತೋರಿಸಿದರು, ಥರ್ಮಾಮೀಟರಿನ ಹಾಗೆ. ಕೆಳಗೆ ಸೊನ್ನೆ, ಮೇಲೆ ನೂರು. ಇವತ್ತು ನೀವು ಎಲ್ಲಿದ್ದೀರಿ? ಹೊರಗೆ ಬಿಸಿಲು. ಅಂಗಳದಲ್ಲಿ ತೀರ್ಥ ರಿಪೇರಿಗೆ ಬಂದ ಯಾರದೋ ಕಾಫಿ ಪಲ್ಪರ್ ಮೆಷಿನ್ ಬಿಚ್ಚಿಟ್ಟುಕೊಂಡು ಕೂತಿದ್ದ, ಮೂಗಿನ ಮೇಲೆ ಗ್ರೀಸ್. ಯೋಚನೆಯೇ ಮಾಡಲಿಲ್ಲ. ಎಂಬತ್ತು ಎಂದೆ.

ಕೊನೆಯದು ವಿಚಿತ್ರ. ಒಂದು ಹಲಗೆ, ಅದರ ಮೇಲೆ ಎರಡು ಬದುಕು. ಒಂದರಲ್ಲಿ ಈಗಿರುವ ಹಾಗೆ ಹತ್ತು ವರ್ಷ. ಇನ್ನೊಂದರಲ್ಲಿ ಕಾಯಿಲೆಯೇ ಇಲ್ಲ, ಆದರೆ ವರ್ಷ ಕಡಿಮೆ. ಎಷ್ಟು ವರ್ಷ ಬಿಟ್ಟುಕೊಡುತ್ತೀರಿ? ಐದು? ಇಲ್ಲ. ಎರಡು? ಇಲ್ಲ. ಒಂದು? ಆ ಕಾಯಿಲೆ ಇಲ್ಲದ ಬದುಕಿನಲ್ಲಿ ತೀರ್ಥ ಇರುತ್ತಾನಾ ಎಂದು ಕೇಳಿದೆ. ಅದನ್ನು ಎಲ್ಲೂ ಹೇಳಿಲ್ಲ ಎಂದರು ಪಾಪ, ಹಲಗೆಯನ್ನು ತಿರುಗಿಸಿ ನೋಡಿ. ನನ್ನ ಮೆಷಿನ್ ರಿಪೇರಿಗೆಂದು ತವರುಮನೆಗೆ ಬಂದವನು ಅವನು. ಮೆಷಿನ್ ಇಲ್ಲದಿದ್ದರೆ ಯಾಕೆ ಬರುತ್ತಿದ್ದ? ಒಂದು ತಿಂಗಳಾದರೂ ಬಿಡುತ್ತೀರಾ ಎಂದರು. ಇಲ್ಲ, ಒಂದು ದಿನವೂ ಇಲ್ಲ.

ನಿತೇಶ್ ಪೆನ್ನು ಕೆಳಗಿಟ್ಟರು. "ಮೇಡಂ, ಒಂದು ವಿಷಯ ಹೇಳ್ತೇನೆ, ಬೇಜಾರು ಮಾಡ್ಬೇಡಿ. ಒಂದು ದಿನವೂ ಬಿಟ್ಟುಕೊಡದಿದ್ರೆ ನಮ್ಮ ಲೆಕ್ಕದಲ್ಲಿ ನಿಮಗೆ ಕಾಯಿಲೆಯೇ ಇಲ್ಲ ಅಂತಾಗ್ತದೆ. ಪೂರ್ತಿ ಆರೋಗ್ಯವಂತರು."

ಬಾಗಿಲಲ್ಲಿದ್ದ ಅತ್ತೆ, "ಹಂಗಾರೆ ನಾಳೆಂದ ಮದ್ದು ಬೇಡನಾ?" ಎಂದರು.

ಎಲ್ಲರೂ ನಕ್ಕೆವು. ನಾನು ಜಾಸ್ತಿ ನಕ್ಕು, ಕೆಮ್ಮು ಹತ್ತಿ, ಒಳಗೆ ಹೋಗಿ ಬಂದೆ.

19 ನವೆಂಬರ್

ತಲೆಯಲ್ಲಿ ಅದೇ. ಈ ಲೆಕ್ಕ ಎಲ್ಲಿಗೆ ಹೋಗುತ್ತದೆ ಎಂದು ಹೊರಡುವ ಮುಂಚೆ ನಿತೇಶ್ ಹೇಳಿದ್ದರು. ಹೊಸ ಮಾತ್ರೆ ಬಂದಿದೆ. ಜೀನ್ ಹೊಂದಿದರೆ ಕಫವೇ ತೆಳುವಾಗುತ್ತದೆ. ನನ್ನದು ಹೊಂದುತ್ತದೆ. ತೆತ್ತು ತೆಗೆದುಕೊಳ್ಳುವುದು ನಮ್ಮಂಥವರಿಂದ ಆಗದ ಮಾತು. ಒಂದು ಟ್ರಸ್ಟ್ ಕೊಡಿಸಲು ನೋಡುತ್ತಿದೆ. ಅದಕ್ಕೊಂದು ಸಮಿತಿ. ಅಷ್ಟು ಖರ್ಚು ಮಾಡಿದರೆ ಎಷ್ಟು ಒಳ್ಳೆಯ ಬದುಕು ಬರುತ್ತದೆ ಎಂದು ಆ ಸಮಿತಿ ಕೇಳುತ್ತದೆ. ಈಗಿನ ಬದುಕು ಎಷ್ಟು ಕೆಟ್ಟದ್ದು ಎಂದು ಗೊತ್ತಾಗದೆ ಅದಕ್ಕೆ ಉತ್ತರವಿಲ್ಲ.

ನಾನು ಚೆನ್ನಾಗಿದ್ದೇನೆ ಎಂದಷ್ಟೂ ಮಾತ್ರೆಗೆ ಬೆಲೆ ಕಡಿಮೆ. ಹೀಗೂ ಉಂಟೇ.

22 ನವೆಂಬರ್, ಶುಕ್ರವಾರ

ಮಧ್ಯಾಹ್ನ ಪ್ರಿಯಾ ಆಫೀಸಿಗೆ ಬಂದಿದ್ದಳು. ಸಿದ್ದಾಪುರದಿಂದ ಎರಡು ಬಸ್ ಬದಲಿಸಿ. ಕರಿಮೆಣಸಿನ ಮಂಡಿಯಲ್ಲಿ ಕೆಲಸ ಅವಳಿಗೆ. ಮಗಳಿಗೆ ಆರು ವರ್ಷ, ನನ್ನದೇ ಕಾಯಿಲೆ, ಒಂದೇ ಕ್ಲಿನಿಕ್. ಪುಟ್ಟಿ ಎಂದು ಕರೆಯುತ್ತೇವೆ. ನಾನು ಪುಟ್ಟಿಯನ್ನು ಹತ್ತಿರದಿಂದ ನೋಡಿದ್ದೇ ಇಲ್ಲ. ಈ ಕಾಯಿಲೆಯವರು ಒಬ್ಬರ ಪಕ್ಕ ಒಬ್ಬರು ಕೂರುವಂತಿಲ್ಲ, ಕಾಯಿಲೆ ಹರಡದಿದ್ದರೂ ನನ್ನ ಎದೆಯ ಕ್ರಿಮಿ ಅವಳಿಗೆ, ಅವಳದು ನನಗೆ ತಗಲುತ್ತದೆ. ಕ್ಲಿನಿಕ್ಕಿನ ಉದ್ದ ಕಾರಿಡಾರಿನ ಆ ತುದಿಯಿಂದ ಅವಳು ಕೈಬೀಸುತ್ತಾಳೆ, ಈ ತುದಿಯಿಂದ ನಾನು. ಉಳಿದದ್ದು ಫೋನಿನಲ್ಲಿ.

ಪ್ರಿಯಾ ಬಾಗಿಲ ಹತ್ತಿರವೇ ನಿಂತಳು. ಸ್ನಾನ ಮಾಡಿ ಬೇರೆ ಬಟ್ಟೆ ಹಾಕಿಕೊಂಡೇ ಬಂದೆ ಎಂದಳು, ನಾನು ಕೇಳುವ ಮೊದಲೇ. ನಿತೇಶ್ ಪ್ರಿಯಾಳ ಮನೆಗೂ ಹೋಗಿದ್ದರಂತೆ. ಚಿಕ್ಕ ಮಕ್ಕಳ ಪರವಾಗಿ ತಾಯಿ ಹೇಳಬೇಕಂತೆ.

ನೀನೆಷ್ಟು ಹೇಳಿದೆ ಎಂದು ಕೇಳಿದೆ. ಇಪ್ಪತ್ತು ಎಂದಳು. ಪುಟ್ಟಿ ಅಷ್ಟು ಸಪ್ಪಗಿದ್ದಾಳಾ ಎಂದೆ. ಇಲ್ಲ, ಆವತ್ತು ಬೆಳಿಗ್ಗೆ ಸೈಕಲ್ ಓಡಿಸುತ್ತಿದ್ದಳು ಎಂದು ನೆಲ ನೋಡಿದಳು. ಆಮೇಲೆ ತಲೆ ಎತ್ತಿ ಕೇಳಿದಳು.

"ಅಕ್ಕ, ನೀವು ಎಷ್ಟು ಹೇಳಿದ್ರಿ?"

ಹೇಳಿದೆ.

ಹೊರಗೆ ಟ್ರ್ಯಾಕ್ಟರ್ ಬಂದು ನಿಂತಿತು, ಹೋಯಿತು.

"ದೊಡ್ಡವರಾದ ಪೇಷಂಟ್ ಅಂತ ಇರೋದೇ ನೀವು ಕೆಲವರು. ನಿಮ್ಮ ಮಾತಿಗೇ ತೂಕ. ಅಂವ ಇನ್ನೊಂದು ಸಲ ಬರ್ತಾನಲ್ಲ, ಆಗ ಕಮ್ಮಿ ಹೇಳಿ ಅಕ್ಕ. ನಿಮಗೋಸ್ಕರ ಬೇಡ. ಇವಳು ನಿಮ್ಮಷ್ಟು ದೊಡ್ಡವಳಾಗ್ಬೇಕಲ್ಲ."

ಯೋಚಿಸುತ್ತೇನೆ ಎಂದೆ. ಕಾಫಿ ಕುಡಿಯದೆ ಹೋದಳು.

24 ನವೆಂಬರ್, ಭಾನುವಾರ

ಈ ವಾರ ನಿತೇಶ್ ತೀರ್ಥನಿಗೆ ಫೋನ್ ಮಾಡಿ ಮಾತಾಡಿಸಿದರಂತೆ. ಹೆಂಡತಿಯ ಆರೋಗ್ಯ ಎಷ್ಟು ಎಂದು ಗಂಡನನ್ನೂ ಕೇಳುವುದುಂಟಂತೆ. ಊಟ ಮಾಡುತ್ತಾ ಸುಮ್ಮನೆ ಕೇಳಿದೆ. ಐವತ್ತೈದು ಎಂದ.

ಐವತ್ತೈದು! ಪ್ರಿಯಾ ಮಗಳಿಗೆ ಇಪ್ಪತ್ತು ಹೇಳಿದ್ದು ಅರ್ಥವಾಗುತ್ತದೆ. ಇವನಿಗೇನಾಗಿತ್ತು? ನಾನು ದಿನಾ ಕೆಲಸಕ್ಕೆ ಹೋಗುವುದಿಲ್ಲವಾ? ಹಾಡುವುದಿಲ್ಲವಾ? ಸ್ಕೂಟರ್ ಓಡಿಸುವುದಿಲ್ಲವಾ? ಇಷ್ಟು ವರ್ಷ ಐವತ್ತೈದರ ಜೊತೆ ಸಂಸಾರ ಮಾಡುತ್ತಿದ್ದೀಯಾ ಎಂದೆ. ಸ್ವಲ್ಪ ಜೋರಾಗಿಯೇ. ಅತ್ತೆ ತಟ್ಟೆ ಎತ್ತಿಕೊಂಡು ಎದ್ದು ಹೋದರು.

ಅವನು ಜಗಳ ಮಾಡುವವನಲ್ಲ. ಬಿಚ್ಚಿದ ಮೆಷಿನಿನ ಎದುರು ಕೂತ ಹಾಗೆ ಕೂತು ಯೋಚಿಸಿದ.

"ನೀ ಕೆಮ್ಮಿದು ನಿಂಗೆ ಕೇಳುದುಲೆ, ಅಶ್ವಿ. ನಂಗೆ ಕೇಳ್ತದೆ."

ಅಷ್ಟೇ. ಕೈತೊಳೆಯಲು ಎದ್ದ.

ಸಿಟ್ಟು ಇಳಿದಿಲ್ಲ. ಆದರೆ ಹೇಳಿದ್ದು ಸುಳ್ಳು ಎನ್ನಲೂ ಆಗುತ್ತಿಲ್ಲ.

25 ನವೆಂಬರ್

ಬೆಳಿಗ್ಗೆ ತೀರ್ಥ ಎಂದಿನಂತೆ ಬೆನ್ನು ತಟ್ಟಿದ. ಮುಗಿದ ಮೇಲೆ ಕೈ ಅಲ್ಲೇ ಇಟ್ಟುಕೊಂಡಿದ್ದ. ನಾನೂ ಸರಿಯಲಿಲ್ಲ.

4 ಡಿಸೆಂಬರ್

ಪಿಕ್ಕಿಂಗ್ ಜೋರು. ತೋಟದ ಮೂರು ಬ್ಲಾಕ್ ಒಟ್ಟಿಗೆ ಹಣ್ಣಾಗಿದೆ. ಎಸ್ಟೇಟಿನ ಲೈನ್‌ಮನೆಗಳ ಕೆಲಸದವರು ಸಾಲದೆ ಹೊರಗಿನಿಂದ ಜನ ಬಂದಿದ್ದಾರೆ, ಅಸ್ಸಾಮಿನ ಕಡೆಯವರು. ಅವರಿಗೆ ನನ್ನ ಹಿಂದಿ, ನನಗೆ ಅವರ ಕನ್ನಡ. ತೂಕದ ಹೊತ್ತಿಗೆ ನಗುವೋ ನಗು. ಸಂಜೆಯ ಹಬೆ ಎರಡು ಸಲ ತಪ್ಪಿತು. ಹುತ್ತರಿ ಹಬ್ಬಕ್ಕೆ ಮುಂಚೆ ಅರೇಬಿಕಾ ಮುಗಿದರೆ ಸಾಕು.

ಅತ್ತೆ ಹುತ್ತರಿ ಗೆಣಸು ತಂದಿಟ್ಟಿದ್ದಾರೆ. ಹೊಸ ಜೇನು ಬೇಕಂತೆ, ಹಳೆಯದು ನಡೆಯುವುದಿಲ್ಲವಂತೆ.

9 ಡಿಸೆಂಬರ್

ಕಫದ ಬಣ್ಣ ಸರಿ ಇಲ್ಲ. ಮೈ ಬೆಚ್ಚಗೆ. ಮೇಲಿನ ಬ್ಲಾಕಿಗೆ ಹತ್ತುವಾಗ ಅರ್ಧದಲ್ಲಿ ಕೂತೆ, ಬೂಟಿನ ದಾರ ಕಟ್ಟುವ ನೆಪ ಮಾಡಿ. ನಾಳೆ ನೋಡೋಣ.

29 ಡಿಸೆಂಬರ್, ಭಾನುವಾರ. ಮನೆ

ನಾಳೆ ನೋಡಲಾಗಲಿಲ್ಲ. ಹತ್ತನೇ ತಾರೀಕು ಕೆಮ್ಮಿನಲ್ಲಿ ರಕ್ತ ಬಂತು. ತೀರ್ಥ ಜೀಪು ಹತ್ತಿಸಿಕೊಂಡು ನೇರ ಮಂಗಳೂರಿಗೆ ಓಡಿಸಿದ. ಎರಡು ವಾರಕ್ಕೂ ಮೇಲೆ ಆಸ್ಪತ್ರೆ. ಕೈಗೆ ಸೂಜಿ, ದಿನಕ್ಕೆ ಮೂರು ಹೊತ್ತು ಆ್ಯಂಟಿಬಯೋಟಿಕ್. ಮೊದಲ ನಾಲ್ಕೈದು ದಿನ ಸರಿಯಾಗಿ ನೆನಪಿಲ್ಲ. ಆ ಗೆರೆಯನ್ನು ಆಗ ಯಾರಾದರೂ ತಂದು ಹಿಡಿದಿದ್ದರೆ ಅದರ ಬುಡ ತೋರಿಸುತ್ತಿದ್ದೆ. ಅಥವಾ ಅವರ ಮೇಲೇ ಎಸೆಯುತ್ತಿದ್ದೆ.

ಹುತ್ತರಿ ಅಲ್ಲೇ ಆಯಿತು. ಊರಿನಲ್ಲಿ ಹೊಸ ಭತ್ತದ ಕದಿರು ತೆಗೆಯುವ ಹೊತ್ತಿಗೆ ಅತ್ತೆ ವಾರ್ಡಿನ ಕಿಟಕಿಯಿಂದ ಊರ ದಿಕ್ಕಿಗೆ ಕೈಮುಗಿದು, ಡಬ್ಬಿಯಲ್ಲಿದ್ದ ಗೆಣಸು ಜೇನು ನನ್ನ ಬಾಯಿಗಿಟ್ಟರು. ನರ್ಸ್‌ಗೂ ಕೊಟ್ಟರು. ಪಕ್ಕದ ಬೆಡ್ಡಿನವರಿಗೂ.

ಒಂದು ಮಧ್ಯಾಹ್ನ ಕಣ್ಣು ಬಿಟ್ಟಾಗ ತೀರ್ಥ ಕುರ್ಚಿಯಲ್ಲಿ ಕೂತೇ ನಿದ್ದೆ ಹೋಗಿದ್ದ. ನನಗೆ ಕೆಮ್ಮು ಬಂತು, ಸಣ್ಣದೇ. ಅವನು ಎಚ್ಚರವಾಗಲಿಲ್ಲ. ಆದರೆ ನಿದ್ದೆಯಲ್ಲೇ ಅವನ ಬಲಗೈ ತೊಡೆಯ ಮೇಲೆ ತಟ್ಟಲು ಶುರು ಮಾಡಿತು, ಬೆನ್ನು ತಟ್ಟುವ ಅದೇ ಲಯದಲ್ಲಿ. ನೋಡುತ್ತಾ ಮಲಗಿದ್ದೆ. ಐವತ್ತೈದು ಹೇಳಿದ್ದಕ್ಕೆ ಅವನ ಮೇಲಿದ್ದ ಸಿಟ್ಟೆಲ್ಲ ಅಲ್ಲಿಗೆ ಮುಗಿಯಿತು.

ಈಗ ಮನೆ. ಜಗಲಿಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದೇನೆ. ತೂಕ ಇಳಿದಿದೆ. ಅತ್ತೆ ಪ್ರತಿಜ್ಞೆ ಮಾಡಿದವರ ಹಾಗೆ ತುಪ್ಪ ಕಾಯಿಸುತ್ತಿದ್ದಾರೆ. ಸುಖ ಅಂದರೆ ಸುಖ.

6 ಜನವರಿ 2025, ಸೋಮವಾರ

ಆಫೀಸಿಗೆ ಹೋದೆ. ಪೂವಯ್ಯನವರು ನನ್ನ ಮೇಜನ್ನು ಧೂಳು ಬರುವ ಕಡೆಯಿಂದ ಒಳಕೋಣೆಗೆ ಹಾಕಿಸಿದ್ದಾರೆ. ಬಂದೆಯಾ ಎಂದರು ಅಷ್ಟೇ. ಹಾಜರಿ ಪುಸ್ತಕ ಅವರೇ ಬರೆದಿದ್ದರು. ಅರ್ಧದಷ್ಟು ಹೆಸರು ತಪ್ಪು.

12 ಜನವರಿ, ಭಾನುವಾರ

ನಿತೇಶ್ ಎರಡನೇ ಸುತ್ತಿಗೆ ಬಂದರು. ಈ ಸಲ ವಾಂತಿ ಇಲ್ಲ, ಮಾತ್ರೆ ನುಂಗಿ ಬಂದಿದ್ದರು.

ನಾಲ್ಕು ದಿನದಿಂದ ಇದೇ ಯೋಚನೆಯಾಗಿತ್ತು. ಪ್ರಿಯಾ ಹೇಳಿದ ಹಾಗೆ ಇಪ್ಪತ್ತು ಎನ್ನಲು ಬಾಯಿ ಬರುವುದಿಲ್ಲ. ಅದು ನನ್ನ ಬದುಕಿನ ಮೇಲೆ ನಾನೇ ಹೇಳುವ ಚಾಡಿಯಾಗುತ್ತದೆ. ಆದರೆ ಹೋದ ಸಲ ನಾನು ಹೇಳಿದ್ದೂ ನಿಜವಾಗಿರಲಿಲ್ಲ. ಕೇಳಿದ್ದಕ್ಕೆಲ್ಲ ಪರವಾಗಿಲ್ಲ, ಪರವಾಗಿಲ್ಲ. ಮನೆಗೆ ಬಂದ ನೆಂಟರಿಗೆ ಹೇಳುವ ಹಾಗೆ. ಹುಟ್ಟಿದಂದಿನಿಂದ ಎಲ್ಲರಿಗೂ ಅದನ್ನೇ ಹೇಳಿ ನನಗೇ ರೂಢಿಯಾಗಿದೆ.

ಈ ಸಲ ಒಂದೊಂದನ್ನೂ ಇದ್ದ ಹಾಗೆ ಹೇಳಿದೆ. ಮೆಟ್ಟಿಲು — ಮೇಲಿನ ಬ್ಲಾಕಿಗೆ ನಿಲ್ಲದೆ ಹತ್ತಿ ಎರಡು ವರ್ಷವಾಯಿತು. ಊಟ — ಹಸಿವೆಯಿಂದಲ್ಲ, ಕರ್ತವ್ಯಕ್ಕೆ ತಿನ್ನುವುದೇ ಹೆಚ್ಚು. ಹಾಡು — ಮೊದಲ ಸಾಲು ಮಾತ್ರ ಹಾಡುತ್ತೇನೆ, ಎರಡನೆಯದಕ್ಕೆ ಉಸಿರು ಸಾಲದು. ಮಕ್ಕಳು — ಬೇಕು ಎಂದು ಇಬ್ಬರಿಗೂ ಆಸೆ, ಇಬ್ಬರೂ ಎತ್ತುವುದಿಲ್ಲ ಆ ಮಾತು. ಭಯ — ಹೌದು. ರಕ್ತ ಬಂದ ದಿನ ತುಂಬಾ.

ಬಾಗಿಲ ಹಿಂದೆ ಅತ್ತೆ ನಿಂತಿರುವುದು ಗೊತ್ತಿತ್ತು. ನಿಲ್ಲಿಸಲಿಲ್ಲ.

ಆಮೇಲೆ ಅದೇ ಗೆರೆ. ಕೈಯಲ್ಲಿ ಪೆನ್ನು ಹಿಡಿದು ಕೇಳಿದೆ — ಇದು ಆರೋಗ್ಯವಾ, ಬದುಕಾ? ಇವತ್ತಿನ ಆರೋಗ್ಯ ಎಂದರು. ಹಾಗಾದರೆ ಐವತ್ತು, ಗಂಡ ಐದು ಜಾಸ್ತಿ ಕೊಟ್ಟಿದ್ದಾನೆ ಎಂದೆ. ಗುರುತು ಹಾಕಿದೆ.

"ಬದುಕಿಗೆ ಎಂಬತ್ತೇ. ಅದಕ್ಕೆ ಗೆರೆ ಎಲ್ಲಿದೆ?"

ಅಂಥದ್ದಿಲ್ಲ ಮೇಡಂ ಎಂದರು.

"ಪಕ್ಕದಲ್ಲಿ ಜಾಗ ಉಂಟಲ್ಲ. ಬರೀರಿ. ಎರಡೂ ಬರೀರಿ."

ಬರೆದರು. ಎರಡು ಬದುಕಿನ ಹಲಗೆಗೆ ಉತ್ತರ ಬದಲಾಗಲಿಲ್ಲ. ಒಂದು ದಿನವೂ ಕೊಡುವುದಿಲ್ಲ. ಯಾಕೆ ಎಂದು ಈ ಸಲ ಕೇಳಿದರು. ಕಾಯಿಲೆ ಹಗುರವೆಂದಲ್ಲ, ಒಂದೊಂದು ದಿನವೂ ಭರ್ತಿಯಾಗಿದೆ, ಅದಕ್ಕೇ ಎಂದೆ. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು, ಭಾಷಣದ ಹಾಗಿತ್ತು.

ನಿತೇಶ್ ಹೋದ ಮೇಲೆ ಅತ್ತೆ ಒಳಗೆ ಬಂದು ಪಕ್ಕದಲ್ಲಿ ಕೂತರು. ಕೂದಲು ಬಿಚ್ಚಿ ಎಣ್ಣೆ ಹಚ್ಚಿದರು. ಮಕ್ಕಳ ವಿಷಯ ಕೇಳಬಹುದೆಂದು ಕಾದೆ. ಕೇಳಲಿಲ್ಲ. ಎಣ್ಣೆ ಮಾತ್ರ ಯಾವತ್ತಿಗಿಂತ ಜಾಸ್ತಿ ಹಚ್ಚಿದರು.

13 ಜನವರಿ

ಪ್ರಿಯಾಗೆ ಫೋನ್ ಮಾಡಿ ನಿನ್ನೆ ಏನೇನು ಹೇಳಿದೆ ಎಂದು ತಿಳಿಸಿದೆ. ನೀವು ಹೇಳಿದ್ದೇ ಸರಿ ಇರಬಹುದು ಅಕ್ಕ, ಆದರೆ ನನಗೆ ಧೈರ್ಯ ಸಾಲದು ಎಂದಳು. ಸರಿ ತಪ್ಪು ನನಗೂ ಗೊತ್ತಿಲ್ಲ ಎಂದೆ. ನಿಜ, ಗೊತ್ತಿಲ್ಲ. ಪುಟ್ಟಿ ಫೋನ್ ಕಿತ್ತುಕೊಂಡು, ತನ್ನ ಮುಂದಿನ ಹಲ್ಲು ಬಿದ್ದಿದೆ ಎಂದು ತಿಳಿಸಿದಳು.

16 ಏಪ್ರಿಲ್, ಬುಧವಾರ

ಎಷ್ಟು ತಿಂಗಳಾಯಿತು ಬರೆಯದೆ. ಬರೆಯುವಂಥದ್ದೇನೂ ಆಗಲಿಲ್ಲ, ಅಂದರೆ ಚೆನ್ನಾಗಿದ್ದೆ. ರೋಬಸ್ಟಾ ಕೊಯ್ಲು ಮುಗಿಯಿತು, ಮೆಣಸು ಮುಗಿಯಿತು, ಕಾಫಿ ಅರಳಿಸುವ ಹೂಮಳೆ ಹದವಾಗಿ ಬಂತು.

ಇವತ್ತು ಆ ಟ್ರಸ್ಟಿನ ಸಮಿತಿಯ ಸಭೆ. ಪೇಷಂಟ್‌ಗಳಲ್ಲಿ ಯಾರಾದರೂ ಮಾತಾಡಲಿ ಎಂದಿದ್ದರಂತೆ, ನಿತೇಶ್ ನನ್ನ ಹೆಸರು ಕೊಟ್ಟಿದ್ದಾರೆ. ವಿಡಿಯೋದಲ್ಲೇ. ನೆಟ್ ಚೆನ್ನಾಗಿರುವುದು ಪೂವಯ್ಯನವರ ಬಂಗಲೆಯಲ್ಲಿ ಮಾತ್ರ, ಅವರ ಕೋಣೆ ಬಿಟ್ಟುಕೊಟ್ಟರು. ತೀರ್ಥ ಹೊರಗೆ ವರಾಂಡದಲ್ಲಿ. ಪರದೆಯ ಮೇಲೆ ಏಳೆಂಟು ಮುಖ.

ಅಧ್ಯಕ್ಷರು ಒಬ್ಬರು ಹಿರಿಯ ಮೇಡಂ. ಒಳ್ಳೆಯ ಕನ್ನಡ. ನನ್ನ ಉತ್ತರಗಳನ್ನು ಓದಿಕೊಂಡೇ ಬಂದಿದ್ದರು. ನಯವಾಗಿಯೇ ಕೇಳಿದರು. ಆದರೆ ಪ್ರಶ್ನೆ ಪ್ರಶ್ನೆಯೇ.

"ಒಂದು ದಿನವನ್ನೂ ಬಿಟ್ಟುಕೊಡಲಾರೆ ಅಂತೀರಿ, ಬದುಕಿಗೆ ಎಂಬತ್ತು ಅಂತೀರಿ. ನನಗೆ ಸಂತೋಷ. ಆದರೆ ಅಶ್ವಿತಾ, ಹಾಗಿದ್ದರೆ ಈ ಮಾತ್ರೆಯಿಂದ ನಿಮಗೆ ಸಿಗುವುದೇನು? ಅದೇ ಹಣದಲ್ಲಿ ಬೇರೆ ಎಷ್ಟೋ ಮಕ್ಕಳಿಗೆ ಬೇರೆ ಚಿಕಿತ್ಸೆ ಕೊಡಬಹುದು. ಅವರಿಗೆ ನಾನು ಏನು ಹೇಳಲಿ?"

ಸಿದ್ಧ ಮಾಡಿಕೊಂಡು ಹೋದದ್ದೆಲ್ಲ ಮರೆತುಹೋಯಿತು. ಬಾಯಿಗೆ ಬಂದದ್ದನ್ನು ಹೇಳಿದೆ. ಈಗ ಬರೆಯಲು ಕೂತರೆ ಅಷ್ಟು ಸರಿಯಾಗಿ ಬರುವುದಿಲ್ಲ.

"ಮೇಡಂ, ಆ ಎಂಬತ್ತು ನಾನೊಬ್ಬಳೇ ಮಾಡಿದ್ದಲ್ಲ. ನನ್ನ ಎದೆ ಐವತ್ತು. ಮೇಲಿನ ಮೂವತ್ತು ನನ್ನ ಗಂಡ, ನನ್ನ ಅತ್ತೆ, ನನಗೆ ಕೆಲಸ ಕೊಟ್ಟವರು ಸೇರಿ ದಿನಾ ಹೊತ್ತು ನಿಲ್ಲಿಸಿದ್ದು. ಗಂಡ ನನ್ನ ಬೆನ್ನು ಬಿಟ್ಟು ಒಂದು ಬೆಳಿಗ್ಗೆ ಎಲ್ಲಿಗೂ ಹೋದವನಲ್ಲ. ಅತ್ತೆ ತವರಿಗೆ ಹೋಗಿ ಒಂದು ರಾತ್ರಿ ಉಳಿದವರಲ್ಲ. ಅವರಲ್ಲಿ ಒಬ್ಬರು ಕೈಬಿಟ್ಟರೂ ನಾನು ಎಂಬತ್ತಲ್ಲ. ಎಲ್ಲರಿಗೂ ಅಂಥವರು ಇರೋದಿಲ್ಲ. ಮಾತ್ರೆ ಕೊಟ್ಟರೆ ನನಗೆ ಏನು ಸಿಗ್ತದೆ ಅಂತ ಕೇಳಿದ್ರಿ. ಅವರ ಬೆಳಗುಗಳು ಅವರಿಗೆ ವಾಪಸ್ ಸಿಗ್ತವೆ. ಬೇರೆ ಮಕ್ಕಳಿಗೆ ಏನು ಹೇಳ್ಬೇಕು ಅಂತ ನಂಗೆ ಗೊತ್ತಿಲ್ಲ, ಮೇಡಂ. ಆ ಕುರ್ಚಿಯಲ್ಲಿ ನೀವಿದ್ದೀರಿ, ನಾನಿಲ್ಲ. ಅದಕ್ಕೆ ನಂಗೆ ಸಮಾಧಾನವೇ."

ಯಾರೋ ನಕ್ಕರು. ಮೇಡಂ ನಗಲಿಲ್ಲ, ಬರೆದುಕೊಂಡರು. ಇನ್ನೊಬ್ಬರು, ಆರೈಕೆ ಮಾಡುವವರ ಸಮಯವನ್ನು ನಾವು ಲೆಕ್ಕಕ್ಕೆ ಸೇರಿಸಿದ್ದೇವಾ ಎಂದು ಯಾರನ್ನೋ ಕೇಳಿದರು. ಇಲ್ಲ ಎಂದು ಉತ್ತರ ಬಂತು. ಅಲ್ಲಿಗೆ ನನ್ನ ಪಾಲು ಮುಗಿಯಿತು.

ಹೊರಗೆ ಬಂದರೆ ತೀರ್ಥ ಕಂಬಕ್ಕೆ ಒರಗಿ ನಿಂತಿದ್ದ. ಕಿಟಕಿ ತೆರೆದೇ ಇತ್ತು, ಎಲ್ಲ ಕೇಳಿಸಿಕೊಂಡಿದ್ದಾನೆ. ಸ್ಕೂಟರ್ ನಾನೇ ಓಡಿಸುತ್ತೇನೆ ಎಂದ. ಮನೆಯ ತಿರುವಿನಲ್ಲಿ, ಬೆಳಿಗ್ಗೆ ಹೊತ್ತು ಎಲ್ಲಿಗಾದರೂ ಹೋಗಬೇಕೆಂದು ತನಗೆ ಯಾವತ್ತೂ ಅನಿಸಿಲ್ಲ ಎಂದು ಹೇಳಿದ. ಗೊತ್ತು ಎಂದೆ.

27 ಜೂನ್, ಶುಕ್ರವಾರ

ನಿತೇಶ್ ಫೋನ್ ಮಾಡಿದ್ದರು. ಸಮಿತಿ ಒಪ್ಪಿದೆ. ಆರೈಕೆ ಮಾಡುವವರನ್ನೂ ಸೇರಿಸಿ ಲೆಕ್ಕವನ್ನು ಹೊಸದಾಗಿ ಮಾಡಿಸಿದರಂತೆ. ಆದರೆ ಎಲ್ಲರಿಗೂ ಸಾಲುವುದಿಲ್ಲ. ಮೊದಲು ಮಕ್ಕಳಿಗೆ, ಎದೆ ಇನ್ನೂ ಹಾಳಾಗದವರಿಗೆ. ದೊಡ್ಡವರದ್ದು ಮುಂದಿನ ವರ್ಷ ನೋಡುತ್ತಾರಂತೆ.

ಪುಟ್ಟಿಗೆ ಸಿಗುತ್ತದೆ. ನನಗೆ ಈ ಸಲ ಇಲ್ಲ.

ಸರಿಯಾಗಿದೆ ಎಂದೆ. ನಾನು ಆ ಕುರ್ಚಿಯಲ್ಲಿದ್ದರೂ ಹಾಗೇ ಮಾಡುತ್ತಿದ್ದೆ ಎಂದೆ. ಫೋನ್ ಇಟ್ಟ ಮೇಲೆ ಖಾಲಿ ಕಾಫಿ ಸ್ಟೋರಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಚೆನ್ನಾಗಿಯೇ ಅಳು ಬಂತು. ಮಳೆಯ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ.

ಮನೆಯಲ್ಲಿ ಹೇಳಿದಾಗ ಅತ್ತೆಗೆ ತಡೆಯಲಾಗಲಿಲ್ಲ. "ಮಾತಾಡಿದವಳಿಗೇ ಇಲ್ಲೆನಾ? ಇದೆಂಥ ನ್ಯಾಯ?" ಎಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡರು. ಆಮೇಲೆ, ಆ ಮಗುವಿಗಾದರೂ ಸಿಕ್ಕಿತಲ್ಲ ಎಂದು ಅವರೇ ಹೇಳಿದರು. ತೀರ್ಥ ನನ್ನ ಮೆಷಿನ್ ಬಿಚ್ಚಿ ಫಿಲ್ಟರ್ ತೊಳೆದ. ಅದನ್ನು ಮೊನ್ನೆಯಷ್ಟೇ ತೊಳೆದಿದ್ದ.

28 ಜೂನ್

ಬೆಳಿಗ್ಗೆ. ಹಬೆ. ರೊಟ್ಟಿ. ಬೆನ್ನು. ಹೊರಗೆ ಬಿಡದೆ ಮಳೆ, ಒಳಗೆ ಬೆಚ್ಚಗೆ. ನಿನ್ನೆಯ ಅಳು ಎಲ್ಲಿ ಹೋಯಿತೋ. ಎಪ್ಪತ್ತು ಎನ್ನಬಹುದು ಇವತ್ತು. ಮಧ್ಯಾಹ್ನ ಕಳಲೆ ಸಾರು ಎಂದು ಅತ್ತೆ ಹೇಳಿದರು. ಎಪ್ಪತ್ತೈದು.

9 ಆಗಸ್ಟ್, ಶನಿವಾರ. ಸಂಜೆ

ಪುಟ್ಟಿ ಮಾತ್ರೆ ಶುರು ಮಾಡಿ ಎರಡು ವಾರವಾಯಿತು. ಮೊದಲ ದಿನವೇ ಸಿಕ್ಕಾಪಟ್ಟೆ ಕಫ ಹೊರಗೆ ಬಂದು ಪ್ರಿಯಾ ಹೆದರಿ ಫೋನ್ ಮಾಡಿದ್ದಳು. ಆಮೇಲೆ ಅವಳಿಂದ ಸುದ್ದಿಯೇ ಇಲ್ಲ. ನಾನೂ ಮಾಡಲಿಲ್ಲ. ಯಾಕೋ ಭಯ.

ಇವತ್ತು ಅವರೇ ಮಾಡಿದರು. ಪ್ರಿಯಾಳ ದನಿಯೇ ಬೇರೆ. ರಾತ್ರಿ ಮಗಳ ಕೋಣೆ ಎಷ್ಟು ಸುಮ್ಮನಿರುತ್ತದೆ ಎಂದರೆ ಎದ್ದು ಹೋಗಿ ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತಾಳಂತೆ. ಪುಟ್ಟಿ ಊಟ ಸಾಲದು ಎಂದು ಕೇಳುತ್ತಾಳಂತೆ. ಇಷ್ಟೂ ಹೇಳಿ ಪ್ರಿಯಾ, ನಿಮಗೂ ಸಿಗಬೇಕಿತ್ತು ಅಕ್ಕ ಎಂದಳು. ಬರುತ್ತದೆ, ನನ್ನ ಸರದಿಯೂ ಬರುತ್ತದೆ, ಫೋನ್ ಅವಳಿಗೆ ಕೊಡು ಎಂದೆ.

ಪುಟ್ಟಿಗೆ ಸುಮ್ಮನೆ ಒಂದು ತಮಾಷೆ ಹೇಳಿದೆ — ನಮ್ಮ ಎಸ್ಟೇಟಿನ ಹುಂಜ ಪೂವಯ್ಯನವರ ಟೋಪಿಯೊಳಗೆ ಕೂತು ಏಳದೇ ಇದ್ದದ್ದು. ನಿಜವಾಗಿ ಆದದ್ದೇ. ಅವಳು ನಕ್ಕಳು. ಜೋರಾಗಿ.

ನಮ್ಮಂಥವರ ನಗು ಗೊತ್ತಲ್ಲ. ಅರ್ಧಕ್ಕೆ ಕೆಮ್ಮಾಗುತ್ತದೆ. ನಗಿಸಿದವರೇ ಹೆದರಿ ನೀರು ತರಲು ಓಡಬೇಕು. ನಾನು ಫೋನ್ ಕಿವಿಗೆ ಒತ್ತಿ ಕಾದೆ. ಈಗ ಬರುತ್ತದೆ, ಈಗ ಬರುತ್ತದೆ. ಬರಲಿಲ್ಲ. ಅವಳು ನಗುತ್ತಲೇ ಇದ್ದಳು, ಬಿಕ್ಕಳಿಸುವಷ್ಟು, ಹೊಟ್ಟೆ ನೋಯುತ್ತದೆ ಎನ್ನುವಷ್ಟು. ನಗು ನಗುವಾಗಿಯೇ ಶುರುವಾಗಿ ನಗುವಾಗಿಯೇ ಮುಗಿಯಿತು. ಇಷ್ಟು ವರ್ಷದಲ್ಲಿ ನಮ್ಮವರಲ್ಲಿ ಯಾರದ್ದೂ ಹಾಗೆ ಮುಗಿದದ್ದು ನಾನು ಕೇಳಿಲ್ಲ. ಇನ್ನೊಂದು ಹೇಳಿ ಅಂದಳು. ನಾಳೆ ಎಂದೆ.

ತೀರ್ಥನಿಗೆ ಹೇಳಿದರೆ, ನಾಳೆ ಸ್ಪೀಕರಿಗೆ ಹಾಕು, ನಾನೂ ಕೇಳಬೇಕು ಎಂದ.

10 ಆಗಸ್ಟ್, ಭಾನುವಾರ

ಬೆಳಿಗ್ಗೆಯಿಂದ ಮನೆಯವರೆಲ್ಲ ಸೇರಿ ತಮಾಷೆ ಹುಡುಕುತ್ತಿದ್ದೇವೆ. ಅತ್ತೆಯದ್ದು ಒಂದೂ ಮಕ್ಕಳಿಗೆ ಹೇಳುವಂಥದ್ದಲ್ಲ. ತೀರ್ಥನದ್ದರಲ್ಲಿ ನಗು ಎಲ್ಲಿ ಬರಬೇಕು ಎಂದು ಅವನಿಗೇ ಗೊತ್ತಿಲ್ಲ. ಕೊನೆಗೆ ನನಗೇ ಒಂದು ಹೊಳೆಯಿತು, ಮರೆಯುವ ಮುಂಚೆ ಬರೆದಿಡುತ್ತೇನೆ. ಒಂದು ಆನೆ ಸಿದ್ದಾಪುರದಲ್ಲಿ ಬಸ್ಸು ಹತ್ತಿತಂತೆ. ಕಂಡಕ್ಟರ್ ಟಿಕೆಟ್ ಕೇಳಿದ. ಅದಕ್ಕೆ ಆನೆ ಹೇಳಿತಂತೆ — ಅಗೋ, ನನ್ನ ಫೋನ್ ಬಂತು. ಪುಟ್ಟಿಯೇ. ತೀರ್ಥ ಓಡಿ ಬರುತ್ತಿದ್ದಾನೆ, ಅತ್ತೆ ಒಲೆ ಆರಿಸಿ ಬಂದರು, ಉಳಿದದ್ದು ಆಮೇಲೆ.